ನಾನು ಬೆರಳು ತೋರಿಸಿದ ಹುತ್ತ

ನಮ್ಮ ಮನೆಗೆ ಯಾರೇ ಬೀಗರು ಬರಲಿ, ಚಹಾ ಕುಡಿದು ಕಪ್ಪು ಕೆಳಗಿಡುವುದರೊಳಗೆ ಅವರಿಗೆ ಒಂದು ಕತೆ ಹೇಳಿ ಮುಗಿದಿರುತ್ತದೆ. ಎರಡು ವರ್ಷದ ಹಿಂದೆ ಆಷಾಢದಲ್ಲಿ ನಾನು ಹೊಲದ ಹುತ್ತಕ್ಕೆ ಬೆರಳು ಮಾಡಿ ತೋರಿಸಿದೆನಂತೆ, ಅದಕ್ಕೇ ಆ ಸಲ ಅಣಬೆಗಳೆಲ್ಲ ಒಳಗೇ ಕಮರಿ ಹೋದವಂತೆ, ಬಸುರಿ ಅಕ್ಕನ ಬಯಕೆಗೆ ಮೂರೇ ಮೂರು ಸಿಕ್ಕವಂತೆ. ಅವ್ವ ಹೇಳುತ್ತಾಳೆ, ಅಪ್ಪ ನಡುನಡುವೆ ಹೂಂಗುಟ್ಟುತ್ತಾನೆ, ಅಕ್ಕ ಬಂದಿದ್ದರೆ ನಗುತ್ತಾಳೆ. ಕೇಳಿದವರು ನನ್ನ ಬಲಗೈಯನ್ನು ಒಮ್ಮೆ ನೋಡುತ್ತಾರೆ.

ಈ ಕತೆಯನ್ನು ನಾನು ಒಪ್ಪುವುದಿಲ್ಲ. ಬೆರಳು ತೋರಿಸಿದ್ದು ಖರೆ. ಎದುರಿನವರ ಹತ್ತಿರ ಸಾಕ್ಷಿ ಇರುವ ಮಾತನ್ನು ಮೊದಲೇ ಒಪ್ಪಿಕೊಂಡುಬಿಡು, ಆಮೇಲೆ ವಾದ ಶುರು ಮಾಡು ಅಂತ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮಾಸ್ತರರು ಹೇಳುತ್ತಿದ್ದರು. ಒಪ್ಪಿದೆ. ಆದರೆ ನನ್ನ ಬೆರಳಿಗೂ ಆ ಅಣಬೆಗೂ ನಡುವೆ ಒಂದು ಮಾರು ಗಾಳಿ ಇತ್ತು, ಒಂದು ಮೊಳ ಮಣ್ಣು ಇತ್ತು. ಕಣ್ಣಿಲ್ಲದ ವಸ್ತು ಅಷ್ಟು ಮಣ್ಣಿನ ಕೆಳಗಿನಿಂದ ಬೆರಳು ನೋಡಿ ನಾಚಿ ಸತ್ತಿತು ಅನ್ನುವುದಕ್ಕೆ ಆಧಾರ ಏನು? ಎರಡು ವರ್ಷದಿಂದ ಕೇಳುತ್ತಲೇ ಇದ್ದೇನೆ. ಯಾರೂ ಉತ್ತರ ಕೊಟ್ಟಿಲ್ಲ. ಕೊಡಲು ಬರುವುದೂ ಇಲ್ಲ. ಯಾಕೆಂದರೆ ಈ ವಾದದಲ್ಲಿ ಮುಖ್ಯವಾದ ಸಾಕ್ಷಿಯನ್ನು ನಾನೇ ಬಚ್ಚಿಟ್ಟುಕೊಂಡು ಕೂತಿದ್ದೇನೆ.

ನಮ್ಮ ಊರು ಕಲಘಟಗಿ ಕಡೆಯದು, ಮಿಶ್ರಿಕೋಟಿಯ ಹತ್ತಿರ. ಕೆಳಗಿನ ಗದ್ದೆಯಲ್ಲಿ ಭತ್ತ, ಮೇಲಿನ ಹೊಲದಲ್ಲಿ ಶೇಂಗಾ. ಎರಡರ ನಡುವಿನ ಬದುವಿನ ಮೇಲೆ ಒಂದು ಮತ್ತಿ ಮರ, ಅದರ ಬುಡಕ್ಕೆ ಒರಗಿದ ಹಾಗೆ ನನ್ನ ಎದೆಯೆತ್ತರದ ಹುತ್ತ. ಮಳೆ ಹಿಡಿದ ಮೇಲೆ ವರ್ಷಕ್ಕೊಮ್ಮೆ ಆ ಹುತ್ತದ ಸುತ್ತ ಬಿಳಿ ಅಣಬೆ ಏಳುತ್ತವೆ. ಅದರ ಕಾವಲು ಆಯಿಯದು. ಆಯಿ ಅಂದರೆ ಅಪ್ಪನ ಅವ್ವ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಅಣಬೆಯನ್ನು ಜನ್ಮದಲ್ಲಿ ಬಾಯಿಗೆ ಮುಟ್ಟಿಸಿದವಳಲ್ಲ. ಮನೆಯ ಒಲೆಯ ಮೇಲೂ ಅದು ಏರುವಂತಿಲ್ಲ. ತಿನ್ನುವವರು ಹಿತ್ತಲಲ್ಲಿ ನುಗ್ಗೆ ಗಿಡದ ಕೆಳಗೆ ಮೂರು ಕಲ್ಲು ಹೂಡಿ, ಬೇರೆ ಬೋಗುಣಿಯಲ್ಲಿ ಬೇಯಿಸಿಕೊಂಡು, ಅಲ್ಲೇ ತಿಂದು, ಕೈತೊಳೆದು ಒಳಗೆ ಬರಬೇಕು. ಆದರೆ ಅವು ಯಾವಾಗ ಏಳುತ್ತವೆ ಅಂತ ಹೇಳಬೇಕಾದವಳು ಮಾತ್ರ ಈ ತಿನ್ನದವಳೇ. ಅವಳದು ಒಂದಿಷ್ಟು ಕಾಯಿದೆ ಇತ್ತು. ಹುತ್ತದ ಹತ್ತಿರ ಜೋರಾಗಿ ಮಾತಾಡಬಾರದು. ಎದ್ದ ಅಣಬೆಗೆ, ಏಳಲಿರುವ ಅಣಬೆಗೆ ಬೆರಳು ಮಾಡಿ ತೋರಿಸಬಾರದು. ಎಳೆ ಸೌತೆಗೆ ತೋರಿಸಿದರೆ ಕೊಳೆಯುವ ಹಾಗೆ ಇವೂ ಕಮರುತ್ತವೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಇನ್ನು ಹುತ್ತ ಕೆದರುವ ಮಾತೇ ಇಲ್ಲ. ಅದರಲ್ಲೂ ಮನೆಯಲ್ಲಿ ಬಸುರಿ ಇದ್ದಾಗ ಹುತ್ತಕ್ಕೆ ಕಬ್ಬಿಣ ತಾಗಿಸಿದರೆ ಹೊಟ್ಟೆಯಲ್ಲಿನ ಕೂಸಿಗೆ ಆಗಿಬರುವುದಿಲ್ಲ. ಇದನ್ನು ಆಯಿಯೊಬ್ಬಳೇ ಅಲ್ಲ, ನಮ್ಮ ಓಣಿಯ ಪ್ರತಿಯೊಬ್ಬರೂ ನಂಬುತ್ತಿದ್ದರು.

ಆ ಆಷಾಢಕ್ಕೆ ಅಕ್ಕ ಶಲವಡಿಯಿಂದ ತವರಿಗೆ ಬಂದಿದ್ದಳು. ಅದು ಎರಡನೆಯ ಬಸುರು. ಮೊದಲನೆಯದು ಮೂರನೇ ತಿಂಗಳಲ್ಲಿ ಹೋಗಿತ್ತು. ಈ ಸಲ ಮೂರು ದಾಟಿತ್ತು, ಆದರೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿದರೆ ಗಂಜಿ ಹೊರಗೆ, ಮಜ್ಜಿಗೆ ಕುಡಿದರೆ ಮಜ್ಜಿಗೆ ಹೊರಗೆ. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಬಂದು ನಿಲ್ಲುತ್ತಿದ್ದವು. ಹುಬ್ಬಳ್ಳಿಯ ಡಾಕ್ಟರಮ್ಮ, ಇನ್ನೊಂದು ವಾರ ನೋಡುತ್ತೇನೆ, ಏನಾದರೂ ನಿಂತರೆ ಸರಿ, ಇಲ್ಲದಿದ್ದರೆ ದವಾಖಾನೆಗೆ ಸೇರಿಸಿ ಸಲಾಯಿನ್ ಹಚ್ಚಬೇಕಾಗುತ್ತದೆ ಅಂದಿದ್ದರು. ಏನು ತಿನ್ನಬೇಕು ಅನಿಸುತ್ತದೆ ಅಂತ ಅವ್ವ ದಿನಾ ಕೇಳುತ್ತಿದ್ದಳು. ಅಕ್ಕ ಒಂದೇ ಒಂದು ಉತ್ತರ ಕೊಟ್ಟಳು: ಹುತ್ತದ ಅಣಬಿ ಪಲ್ಯೆ.

ನಾನು ಆಗ ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೆ, ಸಸ್ಯಶಾಸ್ತ್ರ ನನ್ನ ವಿಷಯ. ಶನಿವಾರ ಬಸ್ಸಿಗೆ ಊರಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವುದು. ಹಿಂದಿನ ತಿಂಗಳಷ್ಟೇ ಚರ್ಚಾಸ್ಪರ್ಧೆಯಲ್ಲಿ ಎರಡು ಕಾಲೇಜಿನವರನ್ನು ಸೋಲಿಸಿ ಒಂದು ಹಿತ್ತಾಳೆ ಕಪ್ಪು ಗೆದ್ದುಕೊಂಡು ಬಂದಿದ್ದೆ. ಆಯಿ ಅದರಲ್ಲಿ ಬತ್ತಿ ಇಡುತ್ತಿದ್ದಳು.

ರವಿವಾರ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ ಅಕ್ಕ ಕೇಳಿದಳು, "ಎಂದ ಬರ್ತಾವ ಆಯಿ?"

"ಒಳಗ ಆಗ್ಯಾವ. ಹೊರಗ ಬರೂದಷ್ಟ ಬಾಕಿ. ಇನ್ನೊಂದು ಗುಡುಗು ಆಗ್ಲಿ."

ಅಷ್ಟು ಸಾಕಾಯಿತು ನನಗೆ. "ಒಳಗ ಆಗ್ಯಾವ ಅಂತ ಹೆಂಗ ಗೊತ್ತು? ನೀ ಒಳಗ ಹೋಗಿ ನೋಡಿ ಬಂದಿ ಏನು?"

"ನಿಮ್ಮಕ್ಕನ ಹೊಟ್ಟ್ಯಾಗ ಯಾರ ಹೋಗಿ ನೋಡಿ ಬಂದಾರ ಬೇ? ಅಲ್ಲೂ ಆಗೇತೆಲ್ಲ."

"ಅದ ಬ್ಯಾರೆ, ಇದ ಬ್ಯಾರೆ. ಅಣಬಿದು ಬೀಜ ಅಂದ್ರ ಹುಡಿ. ಗಾಳ್ಯಾಗ ಬರತೈತಿ. ಮಳಿ ಆದ ಮ್ಯಾಲೆ ಮಣ್ಣಾಗ ಕುಂತು ಎರಡ ದಿನದಾಗ ಬೆಳಿತೈತಿ. ಅದಕ್ಕಿಂತ ಮೊದಲ ಒಳಗ ಏನೂ ಇರೂದಿಲ್ಲ. ಗುಡುಗು, ಬೆರಳು, ಇವೆಲ್ಲಾ ಸುಳ್ಳು."

"ಎರಡ ದಿನದಾಗ ಅಷ್ಟು ದೊಡ್ಡದು ಆಗತೈತಿ?"

"ಆಗತೈತಿ."

"ಪುಸ್ತಕದಾಗ ಐತಿ ಇದು?"

"ಐತಿ."

ಇರಲಿಲ್ಲ. ಅಥವಾ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ಪಾಠ ಇನ್ನೂ ಶುರುವಾಗಿರಲಿಲ್ಲ. ವೇದಿಕೆಯ ಮೇಲೆ ತಡವರಿಸದೆ ಹೇಳಿದ ಮಾತು ಅರ್ಧ ಸಾಬೀತಾದ ಹಾಗೆಯೇ ಅಂತ ಅಷ್ಟರಲ್ಲಿ ಕಲಿತುಬಿಟ್ಟಿದ್ದೆ.

"ಹಂಗಿದ್ರ ಪುಸ್ತಕದಾಗಿನವ ನಾಕ ಕಿತ್ತು ತಾ," ಅಂದಳು ಆಯಿ. "ಪಲ್ಯೆ ಮಾಡೂಣು."

ಅಕ್ಕ ಬಂದು ಹತ್ತು ದಿನದಲ್ಲಿ ಮೊದಲ ಸಲ ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು.

ಸಂಜೆ ಅವ್ವ, ಆಯಿ, ನಾನು ಹೊಲಕ್ಕೆ ಹೋದೆವು. ಆಯಿ ಚಪ್ಪಲಿ ಬದುವಿನ ಕೆಳಗೆ ಬಿಟ್ಟು, ಹುತ್ತದ ಬುಡದ ಮಣ್ಣಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಕೂತಳು. ಮಣ್ಣು ಅಲ್ಲಲ್ಲಿ ಕೂದಲೆಳೆಯಷ್ಟು ಬಿರಿದಿತ್ತು. ಬೆರಳು ಮಡಚಿ ಗೆಣ್ಣಿನಿಂದ ಅವ್ವನಿಗೆ ಒಂದೊಂದೇ ಬಿರುಕು ತೋರಿಸಿದಳು. ನಾನು ತೋಳು ಪೂರಾ ಚಾಚಿ, ತೋರುಬೆರಳು ನೆಟ್ಟಗೆ ಮಾಡಿ, "ಇಲ್ಲಿ, ಮತ್ತ ಇಲ್ಲಿ, ಅಗಾ ಅಲ್ಲಿ," ಅಂತ ಎಣಿಸುತ್ತ ಹುತ್ತವನ್ನು ಒಂದು ಸುತ್ತು ಹಾಕಿದೆ. ಅವ್ವ ನನ್ನ ಕೈಯ ಮೇಲೆ ಹೊಡೆದಳು. ಆಯಿ ಮಾತ್ರ, "ಇರ್ಲಿ ಬಿಡ. ನೋಡೂಣು," ಅಂದಳು.

ಮನೆಯ ಕತೆ ಇಲ್ಲಿಗೆ ಮುಗಿಯುತ್ತದೆ. ನಡೆದದ್ದು ಇಲ್ಲಿಂದ ಶುರು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಬಸ್ಸಿಗೆ ಅಂತ ಹೊರಟವಳು ದಾರಿ ಬಿಟ್ಟು ಹೊಲಕ್ಕೆ ಹೋದೆ. ಕೈಚೀಲದಲ್ಲಿ ಕಳೆ ತೆಗೆಯುವ ಕುರ್ಚಿಗಿ ಇತ್ತು. ಒಳಗೆ ಏನೂ ಇಲ್ಲ ಅಂತ ತೋರಿಸಿಬಿಟ್ಟರೆ ವಾದ ಮುಗಿಯುತ್ತದೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬಸುರಿ ಇರುವ ಮನೆಯವಳು ಹುತ್ತಕ್ಕೆ ಕಬ್ಬಿಣ ಹಾಕುತ್ತಿದ್ದೇನೆ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಯಾರೂ ಇಲ್ಲದ ಹೊತ್ತಿಗೆ ಹೋಗಿದ್ದೆ. ನಂಬದವಳು ಯಾಕೆ ಕದ್ದು ಹೋದೆ ಅನ್ನುವ ಪ್ರಶ್ನೆಯನ್ನು ಆಗ ನನಗೆ ಯಾರೂ ಹಾಕಲಿಲ್ಲ.

ಗದ್ದೆಯ ಕಡೆಯ ಮಗ್ಗುಲನ್ನು ಅಗೆದೆ. ಗೇಣು ಆಳದಲ್ಲೇ ಕುರ್ಚಿಗಿಗೆ ಏನೋ ಮೆತ್ತಗೆ ತಾಗಿತು. ಬೆರಳಿನಿಂದ ಮಣ್ಣು ಸರಿಸಿದೆ. ಸುಲಿದ ಬೆಳ್ಳುಳ್ಳಿಯಷ್ಟು ಬಿಳಿ ದಂಟು, ಅದರ ತುದಿಯಲ್ಲಿ ಮೊಳೆಯ ಹಾಗೆ ಚೂಪಾದ ಕಂದು ತಲೆ. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ನಾಲ್ಕು. ಎಲ್ಲವೂ ಮೇಲ್ಮುಖವಾಗಿ, ಕತ್ತಲೆಯಲ್ಲಿ ಮಣ್ಣು ತಿವಿಯುತ್ತ ನಿಂತಿದ್ದವು. ಒಂದರ ದಂಟನ್ನು ಹಿಡಿದು ಕೆಳಗೆ ಕೆಳಗೆ ಹೋದೆ. ಮೊಣಕೈ ಮುಳುಗುವಷ್ಟು ಹೋದ ಮೇಲೆ ಅದು ಒಂದು ಕುಳಿಯೊಳಗೆ ಇಳಿಯಿತು. ಅಲ್ಲಿ ಗೆದ್ದಲು ಕಟ್ಟಿಕೊಂಡ ಗೂಡು, ಜೇನು ಹಿಂಡಿದ ಹುಟ್ಟಿನ ಹಾಗೆ ತೂತು ತೂತಾದದ್ದು, ಅದರ ಮೈತುಂಬ ಗಸಗಸೆಯಷ್ಟು ಬಿಳಿ ಕಾಳು. ದಂಟು ಹೊರಟದ್ದು ಆ ಗೂಡಿನಿಂದ. ಗಾಳಿಯಿಂದ ಬಂದು ಮೇಲೆ ಕೂತದ್ದಲ್ಲ. ಗೆದ್ದಲು ನನ್ನ ಕೈ ಕಚ್ಚುತ್ತಿದ್ದವು, ನನಗೆ ಗೊತ್ತೇ ಆಗಲಿಲ್ಲ. ಆಯಿ ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ ಕಣ್ಣೆದುರಿಗಿತ್ತು. ಒಳಗೆ ಆಗಿದ್ದವು.

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ದೊಡ್ಡದು ಸಣ್ಣದು ಅಂತ ಆರು ಅಣಬೆ, ಗೂಡಿನ ಒಂದು ಚೂರು ಊಟದ ಡಬ್ಬಿಗೆ ಹಾಕಿಕೊಂಡು, ಮಣ್ಣನ್ನು ಹೇಗೋ ಎಳೆದು ತುಂಬಿ, ಓಡಿದೆ.

ಪ್ರಯೋಗಾಲಯದಲ್ಲಿ ನಮ್ಮ ಸರ್ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. "ಅಗದು ತಂದಿ ಏನು?"

"ಹೌದ್ರಿ ಸರ್."

"ಛಲೋ ಆತು. ಇನ್ನೊಮ್ಮೆ ಅಗೀಬ್ಯಾಡ," ಅಂದರು. ಸೂಕ್ಷ್ಮದರ್ಶಕದ ಬೀಗ ತೆಗೆದು ಕೊಟ್ಟು, ಮೂರು ದಿನ ಮಧ್ಯಾಹ್ನ ನನಗೆ ಅಲ್ಲಿ ಕೂರಲು ಬಿಟ್ಟರು.

ಎಲ್ಲಕ್ಕಿಂತ ಸಣ್ಣದು ಜೋಳದ ಕಾಳಿನಷ್ಟಿತ್ತು. ಅದನ್ನು ಗಜ್ಜರಿಯ ಸೀಳಿನಲ್ಲಿ ಸಿಕ್ಕಿಸಿ, ಹೊಸ ಬ್ಲೇಡಿನಿಂದ ನೆತ್ತಿಯಿಂದ ಬುಡದವರೆಗೆ ತೆಳ್ಳಗೆ ಹೆರೆದು, ನೀಲಿ ಬಣ್ಣದ ಹನಿಯಲ್ಲಿ ಬಿಟ್ಟು ನೋಡಿದೆ. ಸೊನ್ನೆಯಿಂದ ಶುರುವಾಗುವ ಒಂದು ಗಂಟು ಕಾಣುತ್ತದೆ ಅಂದುಕೊಂಡಿದ್ದೆ. ಕಂಡದ್ದು ಪೂರ್ತಿ ಅಣಬೆ. ಜೋಳದ ಕಾಳಿನೊಳಗೆ ಟೋಪಿ ಇತ್ತು, ದಂಟು ಇತ್ತು. ಟೋಪಿಯ ಕೆಳಗೆ ಎರಡೂ ಬದಿಗೆ ಸಣ್ಣದೊಂದು ಖಾಲಿ ಜಾಗ. ಅದರ ಚಾವಣಿಯಿಂದ ಮುಂದೆ ಹಾಳೆಗಳಾಗಬೇಕಾದ ಏಣುಗಳು ಒಂದರ ಪಕ್ಕ ಒಂದು ಇಳಿಯಲು ಶುರು ಮಾಡಿದ್ದವು. ಬಿಡಿಸಿದ ಕೊಡೆಯ ಒಳಗೆ ಕಡ್ಡಿಗಳು ಇರುವ ಹಾಗೆ ಹಾಳೆಗಳು ಅಣಬೆಯ ಟೋಪಿಯ ಅಡಿಗೆ ಇರುತ್ತವಲ್ಲ, ಅವೇ. ಮಣ್ಣಿನ ಮೇಲೆ ಮುಖ ತೋರಿಸಲು ಇನ್ನೂ ಮೊಳ ದೂರ ಇದ್ದಾಗ, ಬೆಳಕು ಎಂದರೇನು ಅಂತ ಗೊತ್ತಿಲ್ಲದ ಕುಳಿಯಲ್ಲಿ, ಕೊಡೆ ತಯಾರಾಗಿತ್ತು.

ಇನ್ನೂ ಹತ್ತಿರ ಹೋದೆ. ಅಲ್ಲಿ ಟೋಪಿಯೂ ಇಲ್ಲ, ದಂಟೂ ಇಲ್ಲ. ಎಲ್ಲ ಎಳೆ. ಒಂದೇ ನಮೂನೆಯ, ಗಾಜಿನಷ್ಟು ತಿಳಿಯಾದ ಎಳೆ. ಗಿಡದ ಕಾಂಡ ಕೊಯ್ದರೆ ನೀರು ಏರುವ ಕೊಳವೆ ಒಂದು ಥರ, ತೊಗಟೆ ಒಂದು ಥರ, ತಿರುಳು ಒಂದು ಥರ ಇರುತ್ತದೆ. ಇಲ್ಲಿ ಹಾಗಲ್ಲ. ಅದೇ ಎಳೆ ದಂಟಿನಲ್ಲಿ ಒಂದರ ಬದಿಗೆ ಒಂದು ನೆಟ್ಟಗೆ ನಿಂತಿದೆ. ಟೋಪಿಗೆ ಬಂದು ಬಿಚ್ಚಿಕೊಂಡು ಹಬ್ಬಿದೆ. ಚೂಪು ತುದಿಯಲ್ಲಿ ಒತ್ತೊತ್ತಾಗಿ ಹೆಣೆದುಕೊಂಡು ಗಟ್ಟಿಯಾಗಿದೆ, ಮಣ್ಣು ತಿವಿಯಬೇಕಲ್ಲ. ಹಾಳೆಯ ಅಂಚಿಗೆ ಬಂದದ್ದು ಹೊರಕ್ಕೆ ತಿರುಗಿ ನಿಂತಿದೆ. ನೀನು ನಿಲ್ಲು, ನೀನು ಬಾಗು, ನೀನು ಅಂಚಿಗೆ ಹೋಗು ಅಂತ ಅವಕ್ಕೆ ಹೇಳಿದವರು ಯಾರು? ಸರ್ ಅವರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ನನಗ ಗೊತ್ತಿಲ್ಲ ನೋಡವಾ. ಗೊತ್ತಾದವರು ಯಾರರೆ ಇದ್ರ ನನಗೂ ಹೇಳು," ಅಂದರು. ನಾನು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಸೋತೆ ಅನಿಸಲಿಲ್ಲ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ, ಅಷ್ಟೇ.

ಶನಿವಾರ ಮನೆಗೆ ಬಂದಾಗ ತೀರ್ಪು ಆಗಿ ಹೋಗಿತ್ತು. ಗುರುವಾರ ಗುಡುಗಿತ್ತು, ಶುಕ್ರವಾರ ಬೆಳಿಗ್ಗೆ ಆಯಿ ಹೊಲಕ್ಕೆ ಹೋಗಿದ್ದಳು. ಪ್ರತಿ ವರ್ಷ ಪುಟ್ಟಿ ತುಂಬುವ ಹುತ್ತದಲ್ಲಿ ಮೂರೇ ಅಣಬೆ, ಅವೂ ಮತ್ತಿ ಮರದ ಹಿಂಬದಿಗೆ. ಗದ್ದೆಯ ಕಡೆಯವೆಲ್ಲ ಕಮರಿದ್ದವು.

"ಇಕಿ ಬೆರಳ ಮಾಡಿದ್ಲು ನೋಡ, ಅದಕ್ಕ," ಅಂತ ಆಯಿ ಅವ್ವನಿಗೆ ಹೇಳಿದಳಂತೆ. ಅವ್ವ ಊರಿಗೆಲ್ಲ ಹೇಳಿದಳು.

ನಾನು ತಕ್ಷಣ ಎದ್ದು ವಾದಕ್ಕೆ ನಿಂತೆ. ಕಣ್ಣಿಲ್ಲ, ಕಿವಿಯಿಲ್ಲ, ಬೆರಳಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಅಂದದ್ದೆಲ್ಲ ಖರೆಯೇ. ಅಗೆದೆ ಅನ್ನುವುದೊಂದನ್ನು ಬಿಟ್ಟು ಎಲ್ಲ ಹೇಳಿದೆ. ಆಯಿ ನನ್ನ ಮುಖ ನೋಡುತ್ತ ಕೂತಿದ್ದಳು.

ಆ ಮೂರರಲ್ಲಿ ಎರಡನ್ನು ಆಯಿಯೇ ಹಿತ್ತಲಲ್ಲಿ ಕೂತು ಮಣ್ಣು ಕೆರೆದು, ಸೀಳಿ, ಉಳ್ಳಾಗಡ್ಡಿ ಖಾರ ಹಾಕಿ ಬೇಯಿಸಿದ್ದಳು. ಜನ್ಮದಲ್ಲಿ ಬಾಯಿಗೆ ಮುಟ್ಟಿಸದವಳು. ಅಕ್ಕ ಅರ್ಧ ರೊಟ್ಟಿಯ ಜೊತೆ ತಿಂದಳು. ಮನೆಯವರೆಲ್ಲ ಅವಳ ಬಾಯಿ ನೋಡುತ್ತ ಕೂತರು. ವಾಂತಿಯಾಗಲಿಲ್ಲ. ಸಂಜೆ ಇನ್ನರ್ಧ ರೊಟ್ಟಿ ಕೇಳಿದಳು. ದವಾಖಾನೆಯ ಮಾತು ಮತ್ತೆ ಬರಲಿಲ್ಲ. ಇದು ಅಣಬೆಯ ಗುಣ ಅಂತ ನಾನು ಹೇಳುವುದಿಲ್ಲ. ನಾಲ್ಕನೇ ತಿಂಗಳಲ್ಲಿ ಎಷ್ಟೋ ಜನರಿಗೆ ಓಕರಿಕೆ ತಾನಾಗಿ ನಿಲ್ಲುತ್ತದೆ.

ಮೂರನೆಯದು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿತ್ತು. ಆಯಿ ತಂದು ನನ್ನ ಮುಂದೆ ಇಟ್ಟಳು. "ನಿನ್ನ ದುರ್ಬೀನಕ್ಕ."

ನನ್ನ ಡಬ್ಬಿಯೊಳಗೆ ಏನು ಹೋಗಿತ್ತು ಅಂತ ಅವಳಿಗೆ ಯಾರು ಹೇಳಿದರು ಅಂತ ಆಗ ನನಗೆ ಹೊಳೆಯಲಿಲ್ಲ. ಪೂರ್ತಿ ಅರಳಿದ ಅಣಬೆ ಸಿಕ್ಕ ಖುಷಿಯೇ ದೊಡ್ಡದಾಗಿತ್ತು. ಅದರ ಟೋಪಿಯನ್ನು ನನ್ನ ಹಳೆಯ ಪಾಟಿಯ ಮೇಲೆ ಬೋರಲು ಇಟ್ಟು ಬಟ್ಟಲು ಮುಚ್ಚಿದೆ. ಮರುದಿನ ಬೆಳಿಗ್ಗೆ ಎತ್ತಿದರೆ, ಕರಿ ಪಾಟಿಯ ಮೇಲೆ ಮಾಸಲು ಗುಲಾಬಿ ಹುಡಿಯ ಚಕ್ರ. ಒಂದೊಂದು ಹಾಳೆಯ ಗೆರೆಯೂ ನಡುವಿನಿಂದ ಅಂಚಿಗೆ ಬಿಡಿಬಿಡಿಯಾಗಿ ಬಿದ್ದಿತ್ತು. ಆಯಿ ಬಾಗಿ ನೋಡಿದಳು. ಕೈಯನ್ನು ತನಗೆ ಗೊತ್ತಿಲ್ಲದೆಯೇ ಸೆರಗಿನಲ್ಲಿ ಒರೆಸಿಕೊಂಡಳು. ಅಂಗಳದಲ್ಲಿ ರಂಗೋಲಿ ಹಾಕುವವಳು. ಆ ಗೆರೆಗಳನ್ನು ಗೆಣ್ಣಿನಿಂದ ತೋರಿಸುತ್ತ, "ಒಂದೂ ಕೂಡಿಲ್ಲ ನೋಡ," ಅಂದಳು.

ಸೋಮವಾರ ಆ ಹಾಳೆಯ ಒಂದು ಸಣ್ಣ ಚೂರನ್ನು ಅಡ್ಡಕ್ಕೆ ಹೆರೆದು ನೋಡಿದೆ. ಅಂಚಿನಲ್ಲಿ ಹೊರಕ್ಕೆ ತಿರುಗಿ ನಿಂತಿದ್ದ ಎಳೆಗಳ ತುದಿ ಈಗ ಗದೆಯ ಹಾಗೆ ಉಬ್ಬಿತ್ತು. ಒಂದೊಂದು ಗದೆಯ ನೆತ್ತಿಯ ಮೇಲೆ ನಾಲ್ಕು ಕೊಂಬು. ಒಂದೊಂದು ಕೊಂಬಿನ ತುದಿಗೆ ಒಂದೊಂದು ಬೀಜ. ಮೂರಲ್ಲ, ಐದಲ್ಲ. ಸಾಲು ಸಾಲು ಗದೆ, ಎಲ್ಲಿ ನೋಡಿದರೂ ಆ ನಾಲ್ಕರ ಲೆಕ್ಕ. ಕೆಲವು ಕೊಂಬು ಖಾಲಿ ಇದ್ದವು. ಅವುಗಳ ಬೀಜ ನಮ್ಮ ಮನೆಯ ಪಾಟಿಯ ಮೇಲಿತ್ತು. ಆಮೇಲೆ ದಂಟು ಕೊಯ್ದೆ. ಮೊದಲ ವಾರದ ಮರಿ ಅಣಬೆಯಲ್ಲಿ ಒತ್ತಿ ಕೂತಿದ್ದ ಗಿಡ್ಡ ಜೀವಕೋಶಗಳು ಇದರಲ್ಲಿ ಶಾವಿಗೆಯಷ್ಟು ಉದ್ದವಾಗಿದ್ದವು. ಅಗಲ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಕೊನೆಯ ಎರಡು ದಿನದಲ್ಲಿ ಹೊಸದಾಗಿ ಹುಟ್ಟಿದ್ದು ತೀರ ಕಡಿಮೆ. ಮೊದಲೇ ಆಗಿದ್ದದ್ದು ನೀರು ಕುಡಿದು ಮೈ ಚಾಚಿತ್ತು. ಊರಿನವರು ಒಂದೇ ದಿನದಲ್ಲಿ ಹುಟ್ಟಿತು ಅನ್ನುವುದು ತಪ್ಪು, ಎರಡೇ ದಿನದಲ್ಲಿ ಬೆಳೆಯಿತು ಅಂದ ನನ್ನ ಮಾತು ಅದಕ್ಕಿಂತ ತಪ್ಪು. ಎಲ್ಲರಿಗಿಂತ ಖರೆಯ ಹತ್ತಿರ ಹೋದವಳು ಅಕ್ಷರ ಬಾರದವಳು, ಬರೀ ಅಂಗೈ ಊರಿ ಹೋದವಳು.

ಅಕ್ಕನಿಗೆ ಮಾರ್ಗಶಿರದಲ್ಲಿ ಹೆಣ್ಣು ಹುಟ್ಟಿತು. ಕಲಘಟಗಿಯಿಂದ ಬಣ್ಣದ ತೊಟ್ಟಿಲು ಬಂತು. ನಾನು ಪರೀಕ್ಷೆ, ಸ್ಪರ್ಧೆ ಅಂತ ಇದ್ದುಬಿಟ್ಟೆ. ಬೆರಳಿನ ಕತೆಗೆ ನನ್ನ ವಾದವೂ ಸೇರಿಕೊಂಡು, ಬೀಗರ ಮುಂದೆ ಎರಡೂ ಕೂಡಿಯೇ ನಡೆಯುತ್ತಿದ್ದವು.

ಹೋದ ವಾರ ಅಕ್ಕ ಕೂಸಿನ ಜೊತೆ ಬಂದಿದ್ದಳು. ಕತೆ ಮತ್ತೆ ಆಯಿತು. ಎಲ್ಲ ಮುಗಿದ ಮೇಲೆ ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ, ಯಾವುದೋ ಮಾತಿಗೆ ಮಾತು ಬಂದು, ಅಂದಳು: "ಆ ವರ್ಷ ಅತ್ತಿ ಮೊಣಕಾಲ ನೋವ ಅಂತ ಗುಡಿಗೂ ಹೋಗ್ತಿದ್ದಿಲ್ಲ. ಆದ್ರ ಸೋಮವಾರ ಸೋಮವಾರ ಹೊಲಕ್ಕ ಹೋಗೂದ ಬಿಡ್ಲಿಲ್ಲ ನೋಡ. ಒಂದ ಗಿಂಡಿ ಹಾಲ ತಗೊಂಡು. ನಿಮ್ಮಕ್ಕ ಹಡಿಯೂತನಾ ಹೋದ್ರು. ಆಮ್ಯಾಲೆ ಬಿಟ್ರು. ಯಾಕ ಅಂದ್ರ ಹೇಳ್ಲಿಲ್ಲ."

ನಾನು ಹೊಲಕ್ಕೆ ಹೋದೆ. ಗದ್ದೆಯ ಕಡೆಯ ಮಗ್ಗುಲು ನಾನು ಬಿಟ್ಟು ಹೋದ ಹಾಗೆ ಇರಲಿಲ್ಲ. ಎರಡು ವರ್ಷದಲ್ಲಿ ಗೆದ್ದಲು ತಮ್ಮ ಗೋಡೆ ಮೇಲಕ್ಕೆ ಕಟ್ಟಿಕೊಂಡಿದ್ದವು. ಆದರೆ ಬುಡದಲ್ಲಿ, ಮಳೆ ತಾಗದ ಕಡೆ, ಹಸಿ ಮಣ್ಣು ಒತ್ತಿ ಸಾರಿಸಿದ ಬೆರಳಿನ ಗೆರೆ ಒಣಗಿ ಉಳಿದಿತ್ತು. ಐದು ಬೆರಳಿನದು. ಮನೆಯ ನೆಲ ಸಾರಿಸಿದಾಗ ಬೀಳುವ ಅದೇ ಅರ್ಧಚಂದ್ರ. ನಮ್ಮ ಮನೆಯಲ್ಲಿ ಹಾಗೆ ಸಾರಿಸುವವಳು ಒಬ್ಬಳೇ. ಆ ಶುಕ್ರವಾರ ಅವಳು ಕಂಡದ್ದು ಕಮರಿದ ಅಣಬೆಯನ್ನಷ್ಟೇ ಅಲ್ಲ.

ಮನೆಗೆ ಬಂದೆ. ಆಯಿ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಅದರಲ್ಲಿ ಮಲಗುವಷ್ಟು ಸಣ್ಣದಲ್ಲ ಈಗ ಕೂಸು. ಆದರೂ ಅದೇ ಬೇಕು ಅಂತ ಹಟ ಮಾಡಿ ಕಾಲು ಹೊರಗೆ ಚಾಚಿ ಮಲಗಿತ್ತು. ಬೇರೆ ಯಾರೂ ಇರಲಿಲ್ಲ. ಎದುರಿಗೆ ಕೂತು, "ಆಯಿ, ಹುತ್ತಾ ನಾನ ಅಗದಿದ್ದೆ," ಅಂದೆ.

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. ಕೂಸಿನ ಮುಖದ ಮೇಲಿನ ನೊಣ ಓಡಿಸಿದಳು. ನಾನೇ ಮುಂದುವರಿಸಿದೆ:

"ನೀ ನೋಡಿದ್ದಿ. ಮಣ್ಣ ನೀನ ತುಂಬಿದಿ. ಬೆರಳ ಅಂತ ಹೇಳಿ ನನ್ನ ಉಳಿಸಿದಿ. ಅದ ತಿಳೀತು. ತಿಳೀಲಾರದ್ದು ಒಂದ ಐತಿ. ಬಸರಿ ಇದ್ದ ಮನ್ಯಾಗ ಹುತ್ತಾ ಅಗದ್ರ ಕೂಸಿಗೆ ಆಗಿಬರೂದಿಲ್ಲ ಅನ್ನೂದನ್ನ ನೀ ಖರೇನ ನಂಬಿದ್ದಿ ಏನು? ನಂಬಿದ್ದಿಲ್ಲಾ ಅಂದ್ರ ಸೋಮವಾರ ಸೋಮವಾರ ಹಾಲ ಯಾಕ ಹಾಕಿದಿ? ನಂಬಿದ್ದಿ ಅಂದ್ರ, ಅಕ್ಕ ಹಡಿಯೂತನಾ, ಅಷ್ಟು ತಿಂಗಳು, ಯಾರಿಗೂ ಹೇಳದ ಒಬ್ಬಾಕಿನ ಹೆಂಗ ತಡಕೊಂಡಿ?"